ದೂರದ ಆಫ್‌-ರೋಡ್ ಕ್ಯಾಂಪಿಂಗ್‌ಗೆ ಇಂಧನದ ಲೆಕ್ಕ: ಹಂತ ಹಂತವಾಗಿ

ಡಾಂಬರು ಬಿಟ್ಟು ದೂರ ಹೋಗುವವರಲ್ಲಿ ಬಹಳ ಜನ ಇಂಧನದ ಲೆಕ್ಕವನ್ನು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಒಟ್ಟು ದೂರವನ್ನು ಮೈಲೇಜಿನಿಂದ ಭಾಗಿಸು, ಧೈರ್ಯಕ್ಕೆ ಒಂದು ಕ್ಯಾನ್ ಇಟ್ಟುಕೋ, ಹೊರಡು. ಭಾಗಾಕಾರ ಸರಿಯಾಗೇ ಇರುತ್ತದೆ. ಅದಕ್ಕೆ ಹಾಕಿದ ಎರಡೂ ಅಂಕಿಗಳು ತಪ್ಪು. ಇಡೀ ಪ್ರವಾಸದ ದೂರ ಎಷ್ಟೇ ಇರಲಿ, ಗಾಡಿ ನಿಲ್ಲುವುದು ಎರಡು ಬಂಕುಗಳ ನಡುವೆ. ಇನ್ನು ಮೈಲೇಜ್ ಅಂತ ಬರೆದುಕೊಂಡದ್ದು ಹೈವೇಯಲ್ಲಿ, ಖಾಲಿ ಗಾಡಿಯಲ್ಲಿ ಸಿಕ್ಕ ಅಂಕಿ.

ಕೆಳಗಿನ ಹಂತಗಳ ಕ್ರಮ ಬದಲಿಸಬೇಡಿ. ಕ್ಯಾನ್ ಕೊಳ್ಳುವುದು ಇಲ್ಲಿ ಆರನೇ ಹಂತದಲ್ಲಿ ಬರುತ್ತದೆ. ಹೆಚ್ಚಿನವರು ಅದನ್ನೇ ಮೊದಲು ಮಾಡುತ್ತಾರೆ. ಆಮೇಲೆ ಕೊಂಡ ಕ್ಯಾನಿಗೆ ತಕ್ಕ ಹಾಗೆ ಲೆಕ್ಕ ಹೊಂದಿಸುತ್ತಾ ಕೂರುತ್ತಾರೆ.

ಕೈಯಲ್ಲಿ ಇರಬೇಕಾದ ಸಾಮಾನು

ಒಂದು ನೋಟ್‌ಬುಕ್ ಮತ್ತು ಪೆನ್ನು. ದೂರ ಅಳೆಯಲು ಜಿಪಿಎಸ್, ಇಂಟರ್ನೆಟ್ ಇಲ್ಲದೆಯೂ ತೆರೆಯುವ ನಕ್ಷೆ. ಟೈರಿನ ಗಾಳಿ ನೋಡುವ ಗೇಜ್ ಮತ್ತು ಗಾಳಿ ತುಂಬುವ ಕಂಪ್ರೆಸರ್. ಜಾಲರಿ ಇರುವ ಆಲಿಕೆ. ಕೈಯಿಂದ ಒತ್ತುವ ಪಂಪು ಇರುವ ಪೈಪ್. ನಿಮ್ಮ ಗಾಡಿಗೆ ಹೊಂದುವ ಒಂದು ಹೊಸ ಫ್ಯೂಯೆಲ್ ಫಿಲ್ಟರ್. ಎಣ್ಣೆಗೆ ಜಗ್ಗದ ಕೈಗವಸು, ಒಂದಿಷ್ಟು ಬಟ್ಟೆ, ಮತ್ತು ಕೈಗೆ ಸುಲಭವಾಗಿ ಸಿಗುವ ಕಡೆ ಒಣಪುಡಿಯ ಅಗ್ನಿಶಾಮಕ ಸಿಲಿಂಡರ್.

ನೋಟ್‌ಬುಕ್ ಯಾಕೆ, ಫೋನ್ ಇದೆಯಲ್ಲ ಅನ್ನಬಹುದು. ಧೂಳು ಹಿಡಿದ ಕೈಯಲ್ಲಿ, ಬಂಕಿನ ಮುಂದೆ ಬಿಸಿಲಲ್ಲಿ ನಿಂತಾಗ ಪೆನ್ನೇ ಬೇಗ.

ಹಂತ 1: ಸಾಮಾನು ತುಂಬಿದ ಗಾಡಿಯ ಮೈಲೇಜ್ ಅಳೆಯಿರಿ

ಟೆಂಟು, ನೀರು, ಅಡುಗೆ ಸಾಮಾನು, ಸ್ಪೇರ್ ಟೈರು, ಹೊರಡುವ ಜನ, ಎಲ್ಲವನ್ನೂ ಹತ್ತಿಸಿ. ಪ್ರವಾಸಕ್ಕೆ ಹಾಕುವ ಟೈರುಗಳನ್ನೇ ಹಾಕಿ. ಸಮತಟ್ಟಾದ ಜಾಗದ ಒಂದು ಬಂಕಿನಲ್ಲಿ ನಳಿಕೆ ಮೊದಲ ಸಲ 'ಟಕ್' ಅನ್ನುವವರೆಗೆ ತುಂಬಿಸಿ ನಿಲ್ಲಿಸಿ. ಕನಿಷ್ಠ 300 ಕಿ.ಮೀ. ಓಡಿಸಿ. ಅದೇ ಬಂಕಿಗೆ, ಸಾಧ್ಯವಾದರೆ ಅದೇ ಪಂಪಿಗೆ ಬಂದು ಮತ್ತೆ ಮೊದಲ 'ಟಕ್' ವರೆಗೆ ತುಂಬಿಸಿ. ಓಡಿದ ದೂರವನ್ನು ತುಂಬಿದ ಲೀಟರಿನಿಂದ ಭಾಗಿಸಿ. ಇದೇ ನಿಮ್ಮ ಮೂಲ ಅಂಕಿ.

ದೂರವನ್ನು ಜಿಪಿಎಸ್‌ನಲ್ಲೇ ನೋಡಿ. ಕಂಪನಿ ಕೊಟ್ಟದ್ದಕ್ಕಿಂತ ದೊಡ್ಡ ಟೈರ್ ಹಾಕಿದ್ದರೆ ಓಡೋಮೀಟರ್ ನಿಜವಾದ ದೂರಕ್ಕಿಂತ ಕಡಿಮೆ ತೋರಿಸುತ್ತದೆ. ಮರಳಿನಲ್ಲಿ ಚಕ್ರ ಸುಮ್ನೆ ತಿರುಗಿದಾಗ ಉಲ್ಟಾ, ಹೋಗದ ದೂರವನ್ನೂ ಎಣಿಸುತ್ತದೆ. ಒಂದೇ ಮೀಟರ್ ಒಮ್ಮೆ ಹಿಂದೆ, ಒಮ್ಮೆ ಮುಂದೆ. ಅದನ್ನು ನಂಬಿ ಲೆಕ್ಕ ಹಾಕುವುದು ಕಷ್ಟ.

ಡ್ಯಾಶ್‌ಬೋರ್ಡಿನಲ್ಲಿ ಬರುವ 'ಇನ್ನು ಇಷ್ಟು ಕಿ.ಮೀ.' ಅನ್ನುವ ಅಂಕಿಯನ್ನು ಯೋಜನೆಗೆ ಬಳಸಲೇಬೇಡಿ. ಅದು ಈಗಷ್ಟೇ ಓಡಿದ ದಾರಿಯ ಸರಾಸರಿಯಿಂದ ಬರುತ್ತದೆ. ಹೈವೇಯಿಂದ ಇಳಿದು ಮರಳಿಗೆ ಹೊರಳುವ ಹೊತ್ತಿನಲ್ಲಿ ಅದು ಅತಿ ದೊಡ್ಡ ಸುಳ್ಳು ಹೇಳುತ್ತಿರುತ್ತದೆ.

ಹತ್ತಿರದಲ್ಲಿ ಮಣ್ಣುದಾರಿ ಇದ್ದರೆ ಇದೇ ಪರೀಕ್ಷೆಯನ್ನು ಅಲ್ಲೂ ಒಮ್ಮೆ ಮಾಡಿ. ಆಗ ಮೂರನೇ ಹಂತದಲ್ಲಿ ಊಹೆ ಕಡಿಮೆಯಾಗುತ್ತದೆ.

ಹಂತ 2: ದಾರಿಯನ್ನು ಬಂಕಿನಿಂದ ಬಂಕಿಗೆ ತುಂಡು ಮಾಡಿ

ನಕ್ಷೆಯಲ್ಲಿ ಕಾಣುವ ಎಲ್ಲ ಬಂಕುಗಳನ್ನೂ ಬರೆದುಕೊಳ್ಳಿ. ಆಮೇಲೆ ಎರಡು ಗುಂಪು ಮಾಡಿ: ಖಾತ್ರಿ ಬಂಕು, ಸಿಕ್ಕರೆ ಲಾಭದ ಬಂಕು. ಹೊರಡುವ ವಾರದಲ್ಲಿ ಫೋನ್ ಮಾಡಿ, ಇಲ್ಲವೇ ಇತ್ತೀಚೆಗೆ ಅಲ್ಲಿ ಹೋಗಿ ಬಂದವರಿಂದ ಕೇಳಿ ದೃಢಪಡಿಸಿಕೊಂಡದ್ದು ಮಾತ್ರ ಮೊದಲ ಗುಂಪಿಗೆ. ನಕ್ಷೆಯಲ್ಲಿ ಚುಕ್ಕಿ ಇದೆ ಅಂದಮಾತ್ರಕ್ಕೆ ಬಂಕು ತೆರೆದಿದೆ ಅಂತಲ್ಲ.

ಫೋನಿನಲ್ಲಿ ಕೇಳಬೇಕಾದದ್ದು: ನಮಗೆ ಬೇಕಾದ ಇಂಧನ ಇದೆಯಾ, ಯಾವ ದಿನ ಮುಚ್ಚಿರುತ್ತದೆ, ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ, ಕರೆಂಟ್ ಹೋದರೆ ಪಂಪು ಓಡುತ್ತದೆಯಾ, ಕಾರ್ಡ್ ತೆಗೆದುಕೊಳ್ಳುತ್ತಾರಾ ಅಥವಾ ನಗದೇ ಬೇಕಾ, ಟ್ಯಾಂಕರ್ ಎಷ್ಟು ದಿನಕ್ಕೊಮ್ಮೆ ಬರುತ್ತದೆ. ಕೊನೆಯ ಪ್ರಶ್ನೆ ಮರೆಯಬೇಡಿ. ದೂರದ ಚಿಕ್ಕ ಬಂಕುಗಳಲ್ಲಿ ಬಾಗಿಲು ತೆರೆದೇ ಇರುತ್ತದೆ, ಸ್ಟಾಕ್ ಇರುವುದಿಲ್ಲ.

ಈಗ ಎರಡು ಖಾತ್ರಿ ಬಂಕುಗಳ ನಡುವಿನ ದೂರಗಳನ್ನು ಬರೆಯಿರಿ. ಇವುಗಳಲ್ಲಿ ಯಾವ ತುಂಡಿಗೆ ಅತಿ ಹೆಚ್ಚು ಲೀಟರ್ ಬೇಕೋ ಅದರ ಮೇಲೇ ಇಡೀ ಯೋಜನೆ ನಿಂತಿರುತ್ತದೆ. ಅದು ಅತಿ ಉದ್ದದ ತುಂಡೇ ಆಗಿರಬೇಕಿಲ್ಲ. 400 ಕಿ.ಮೀ. ಜಲ್ಲಿದಾರಿಗಿಂತ 250 ಕಿ.ಮೀ. ಮರಳು ಜಾಸ್ತಿ ಕುಡಿಯಬಹುದು.

ನಕ್ಷೆಯ ಮೇಲೆ ಬೆರಳಿನಿಂದ ಎಳೆದ ಗೆರೆಯ ದೂರವನ್ನು ಬಳಸಬೇಡಿ. ಅದರಲ್ಲಿ ಸಣ್ಣ ತಿರುವುಗಳು ಲೆಕ್ಕಕ್ಕೆ ಬರುವುದಿಲ್ಲ. ಯಾರಾದರೂ ನಿಜವಾಗಿ ಓಡಿಸಿ ದಾಖಲಿಸಿದ ಜಿಪಿಎಸ್ ಟ್ರ್ಯಾಕ್ ಸಿಕ್ಕರೆ ಅದೇ ಸರಿ.

ಹಂತ 3: ಪ್ರತಿ ತುಂಡಿಗೂ ನೆಲ ನೋಡಿ ಲೀಟರ್ ಹಾಕಿ

ಹೆಚ್ಚಿನ ಯೋಜನೆಗಳು ಕೈಕೊಡುವುದು ಇಲ್ಲೇ. ಹಾಗಾಗಿ ಒಂದು ಉದಾಹರಣೆಯನ್ನೇ ಪೂರ್ತಿ ನೋಡೋಣ.

ಒಂದು ಡೀಸೆಲ್ ಗಾಡಿ. ಟ್ಯಾಂಕ್ 80 ಲೀಟರ್. ಸಾಮಾನು ತುಂಬಿದಾಗ ಡಾಂಬರಿನ ಮೇಲೆ ಲೀಟರಿಗೆ 10 ಕಿ.ಮೀ. ಎರಡು ಖಾತ್ರಿ ಬಂಕುಗಳ ನಡುವೆ 520 ಕಿ.ಮೀ. ಒಂದೇ ಸಾಲಿನ ಲೆಕ್ಕದಲ್ಲಿ ಇದಕ್ಕೆ 52 ಲೀಟರ್ ಸಾಕು, ಟ್ಯಾಂಕಿನಲ್ಲಿ ಇನ್ನೂ 28 ಉಳಿಯುತ್ತದೆ. ಕ್ಯಾನೇ ಬೇಡ ಅನ್ನಿಸುತ್ತದೆ, ಅಲ್ವಾ?

ಈಗ ನೆಲ ನೋಡಿ. 140 ಕಿ.ಮೀ. ಡಾಂಬರು, ಲೀಟರಿಗೆ 10 ರಂತೆ 14 ಲೀಟರ್. 220 ಕಿ.ಮೀ. ಜಲ್ಲಿ ಮತ್ತು ಗಟ್ಟಿ ಮಣ್ಣು, ಲೀಟರಿಗೆ 8 ರಂತೆ 27.5 ಲೀಟರ್. 90 ಕಿ.ಮೀ. ಮೆತ್ತನೆ ಮರಳು, ಲೀಟರಿಗೆ 5 ರಂತೆ 18 ಲೀಟರ್. 70 ಕಿ.ಮೀ. ಕಲ್ಲಿನ ಏರು, ನಿಧಾನಕ್ಕೆ ಜೋರಾಗಿ ಎಳೆಯುವ ಗೇರಾದ ಲೋ ರೇಂಜ್‌ನಲ್ಲಿ, ಲೀಟರಿಗೆ 4 ರಂತೆ 17.5 ಲೀಟರ್. ಒಟ್ಟು 77 ಲೀಟರ್. 80ರ ಟ್ಯಾಂಕಿಗೆ ಇದು ಆಗಲೇ ತಳ ಮುಟ್ಟಿದ ಹಾಗೆ.

ಈ ಅಂಕಿಗಳು ಈ ಉದಾಹರಣೆಯವು. ನಿಮ್ಮ ಗಾಡಿಗೆ ಅಳತೆ ಇಲ್ಲದಿದ್ದರೆ ಹೀಗೆ ಶುರು ಮಾಡಿ: ಜಲ್ಲಿಗೆ ಕಾಲು ಭಾಗ ಜಾಸ್ತಿ, ಮರಳು ಮತ್ತು ಕೆಸರಿಗೆ ಒಂದೂವರೆಯಿಂದ ಎರಡು ಪಟ್ಟು, ಲೋ ರೇಂಜ್ ತೆವಳಾಟಕ್ಕೆ ಎರಡು ಪಟ್ಟಿಗಿಂತ ಮೇಲೆ. ತೆವಳುವ ದಾರಿಯನ್ನು ಗಂಟೆಯ ಲೆಕ್ಕದಲ್ಲೂ ಒಮ್ಮೆ ಪರೀಕ್ಷಿಸಿ. ಅಲ್ಲಿ ಇಂಧನ ಹೋಗುವುದು ದೂರಕ್ಕಿಂತ ಸಮಯಕ್ಕೆ. ಮೇಲಿನ 70 ಕಿ.ಮೀ. ದಾರಿಯನ್ನು ಗಂಟೆಗೆ 10 ಕಿ.ಮೀ. ವೇಗದಲ್ಲಿ ದಾಟಿದರೆ 7 ಗಂಟೆ, ಅಂದರೆ ಗಂಟೆಗೆ ಎರಡೂವರೆ ಲೀಟರ್. ಅದೇ ದಾರಿಗೆ 12 ಗಂಟೆ ಹಿಡಿದರೆ?

ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಎಂಜಿನ್ ಪ್ರತಿ 1000 ಮೀಟರ್ ಏರಿಗೆ ಸುಮಾರು ಹತ್ತನೇ ಒಂದು ಭಾಗ ಶಕ್ತಿ ಕಳೆದುಕೊಳ್ಳುತ್ತದೆ. ಆಗ ಕೆಳ ಗೇರಿನಲ್ಲೇ ಜಾಸ್ತಿ ಹೊತ್ತು ಓಡಿಸಬೇಕಾಗುತ್ತದೆ. ಟರ್ಬೊ ಇದ್ದರೆ ಈ ಪೆಟ್ಟು ಕಡಿಮೆ.

ಟೈರಿನ ಗಾಳಿ ಎರಡು ಕಡೆಯಿಂದ ಹೊಡೆಯುತ್ತದೆ. ಮರಳಿನಲ್ಲಿ ಗಾಳಿ ಇಳಿಸದೆ ಓಡಿಸಿದರೆ ಚಕ್ರ ಹೂತು ಇಂಧನ ಸುಡುತ್ತದೆ. ಮರಳು ದಾಟಿದ ಮೇಲೆ ಗಾಳಿ ತುಂಬದೆ ಗಟ್ಟಿ ದಾರಿಗೆ ಬಂದರೆ ಅಲ್ಲೂ ಸುಡುತ್ತದೆ, ಜೊತೆಗೆ ಟೈರ್ ಬಿಸಿಯಾಗಿ ಹರಿಯುತ್ತದೆ. ಕಂಪ್ರೆಸರನ್ನು ಇಂಧನ ಉಳಿಸುವ ಸಾಮಾನು ಅಂತಲೇ ಪಟ್ಟಿಗೆ ಸೇರಿಸಿದ್ದು ಇದಕ್ಕೆ.

ಹಂತ 4: ನಿಂತಲ್ಲೇ ಸುಡುವುದನ್ನು ಸೇರಿಸಿ

ಕ್ಯಾಂಪಿನಲ್ಲಿ ಎಸಿಗೆ ಅಥವಾ ಬ್ಯಾಟರಿ ಚಾರ್ಜಿಗೆ ಎಂಜಿನ್ ಓಡಿಸಿದರೆ ಗಂಟೆಗೆ ಒಂದು ಲೀಟರ್ ಅಂತ ಹಿಡಿಯಿರಿ. ಚಿಕ್ಕ ಎಂಜಿನ್‌ಗೆ ಕಡಿಮೆ, ದೊಡ್ಡದಕ್ಕೆ ಜಾಸ್ತಿ. ವಿಂಚ್ (ಗಾಡಿ ಎಳೆಯುವ ಹಗ್ಗದ ರಾಟೆ) ಎಳೆಯುವಾಗ, ಹೂತ ಗಾಡಿ ತೆಗೆಯುವಾಗ, ಮುಂದೆ ದಾರಿ ನೋಡಲು ಇಳಿದಾಗ ಎಂಜಿನ್ ಓಡುತ್ತಲೇ ಇರುತ್ತದೆ. ಜನರೇಟರ್ ಅಥವಾ ಡೀಸೆಲ್ ಹೀಟರ್ ಇದ್ದರೆ ಅದರ ಪುಸ್ತಕದಲ್ಲಿ ಗಂಟೆಗೆ ಎಷ್ಟು ಅಂತ ಬರೆದಿರುತ್ತದೆ.

ಸುತ್ತಾಟವೂ ಇದೆ. ಸೌದೆಗೆ, ನೀರಿಗೆ, ಸೂರ್ಯಾಸ್ತ ನೋಡಲು, ತಪ್ಪಿದ ತಿರುವಿನಿಂದ ವಾಪಸ್ ಬರಲು. ನಮ್ಮ ಉದಾಹರಣೆಗೆ 40 ಕಿ.ಮೀ. ಸುತ್ತಾಟಕ್ಕೆ 5 ಲೀಟರ್, 6 ಗಂಟೆ ನಿಂತ ಎಂಜಿನ್‌ಗೆ 6 ಲೀಟರ್ ಹಾಕೋಣ. ಈಗ ಒಟ್ಟು 88.

ಹಂತ 5: ರಿಸರ್ವ್ ಸೇರಿಸಿ, ಟ್ಯಾಂಕಿನ ತಳ ಕಳೆಯಿರಿ

ರಿಸರ್ವ್ ಕಾಲು ಭಾಗ ಇರಲಿ. ಒಂದೇ ಗಾಡಿಯಲ್ಲಿ, ಜನ ಓಡಾಡದ ಕಡೆ ಹೋಗುತ್ತಿದ್ದರೆ ಮೂರನೇ ಒಂದು ಭಾಗ. ಇದಕ್ಕಿಂತ ಕಡಿಮೆ ಇಟ್ಟುಕೊಂಡು ಹೋಗಲು ನಾನಂತೂ ಯಾರಿಗೂ ಹೇಳುವುದಿಲ್ಲ. ಹೊಳೆ ತುಂಬಿ ದಾರಿ ಮುಚ್ಚಿದರೆ ಆ ಕಾಲು ಭಾಗ ಒಂದೇ ಬಳಸುದಾರಿಗೆ ಮುಗಿಯುತ್ತದೆ. 88ಕ್ಕೆ ಕಾಲು ಭಾಗ 22, ಒಟ್ಟು 110 ಲೀಟರ್.

ಟ್ಯಾಂಕಿನಲ್ಲಿ ಬರೆದ 80 ಲೀಟರ್ ಪೂರ್ತಿ ನಿಮ್ಮದಲ್ಲ. ಗಾಡಿ ಓರೆಯಾಗಿ ನಿಂತಾಗ ಇಂಧನ ಒಂದು ಮೂಲೆಗೆ ಸರಿದು ಪಂಪು ಗಾಳಿ ಎಳೆಯುತ್ತದೆ. ಟ್ಯಾಂಕಿನೊಳಗೆ ಇರುವ ಎಲೆಕ್ಟ್ರಿಕ್ ಪಂಪುಗಳಿಗೆ ಇಂಧನವೇ ತಂಪು ಕೊಡುವುದು, ತಳ ಮುಟ್ಟಿಸಿ ಓಡಿಸಿದರೆ ಪಂಪು ಬಿಸಿಯಾಗಿ ಹಾಳಾಗುತ್ತದೆ. ಹಾಗಾಗಿ ಹತ್ತನೇ ಒಂದು ಭಾಗ ಬಿಟ್ಟುಬಿಡಿ. ಉಳಿದದ್ದು 72. ಹೊತ್ತೊಯ್ಯಬೇಕಾದದ್ದು 38 ಲೀಟರ್.

20 ಲೀಟರಿನ ಎರಡು ಕ್ಯಾನ್, ತಲಾ 19 ತುಂಬಿದರೆ ಸರಿಯಾಗಿ 38. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಒಂದು ಕ್ಯಾನ್ ಸೋರಿದರೆ ರಿಸರ್ವಿನ ಬಹುಪಾಲು ಹೋಯಿತು. ಇಂಥ ಅಂಚಿನ ಲೆಕ್ಕ ಬಂದಾಗ ಮೂರನೇ ಕ್ಯಾನ್ ತೆಗೆದುಕೊಳ್ಳಿ.

ನಾಲ್ಕಾರು ಗಾಡಿ ಒಟ್ಟಿಗೆ ಹೋಗುತ್ತಿದ್ದರೆ ಪ್ರತಿ ಗಾಡಿಗೂ ಬೇರೆ ಲೆಕ್ಕ. ಸರಾಸರಿ ತೆಗೆಯಬೇಡಿ. ಅತಿ ಹೆಚ್ಚು ಕುಡಿಯುವ ಗಾಡಿ ಎಲ್ಲಿಯವರೆಗೆ ಹೋಗಬಲ್ಲದೋ ಗುಂಪು ಅಲ್ಲಿಯವರೆಗೆ ಮಾತ್ರ. ಪೆಟ್ರೋಲ್ ಗಾಡಿಯ ಕ್ಯಾನಿನಿಂದ ಡೀಸೆಲ್ ಗಾಡಿಗೆ ಉಪಯೋಗವಿಲ್ಲ ಅನ್ನುವುದೂ ನೆನಪಿರಲಿ.

ಹಂತ 6: ಯಾವುದರಲ್ಲಿ ಒಯ್ಯುವುದು, ಎಲ್ಲಿ ಕಟ್ಟುವುದು

ಇಂಧನಕ್ಕೆಂದೇ ಮಾಡಿದ ಕ್ಯಾನ್ ಮಾತ್ರ. ನೀರಿನ ಕ್ಯಾನ್, ಅಡುಗೆ ಎಣ್ಣೆಯ ಡಬ್ಬ, ಕೂಲ್ ಡ್ರಿಂಕ್ ಬಾಟಲಿ ಯಾವುದೂ ಬೇಡ. ಎಷ್ಟು ಲೀಟರ್ ಒಯ್ಯಬಹುದು, ಎಂಥ ಕ್ಯಾನಿನಲ್ಲಿ, ದೋಣಿಗೆ ಗಾಡಿ ಹತ್ತಿಸುವಾಗ ತುಂಬಿದ ಕ್ಯಾನ್ ಬಿಡುತ್ತಾರಾ ಅನ್ನುವ ನಿಯಮ ಜಾಗದಿಂದ ಜಾಗಕ್ಕೆ ಬೇರೆ. ಕೊಳ್ಳುವ ಮೊದಲೇ ವಿಚಾರಿಸಿ.

ತೂಕ ನೋಡಿ. ಪೆಟ್ರೋಲ್ ಲೀಟರಿಗೆ ಸುಮಾರು 0.74 ಕೆ.ಜಿ., ಡೀಸೆಲ್ ಸುಮಾರು 0.84 ಕೆ.ಜಿ. ನಮ್ಮ ಮೂರು ಕ್ಯಾನಿನ 57 ಲೀಟರ್ ಡೀಸೆಲ್ 48 ಕೆ.ಜಿ. ತೂಗುತ್ತದೆ. ಉಕ್ಕಿನ ಕ್ಯಾನುಗಳ ತೂಕ ಸೇರಿಸಿದರೆ 60 ಕೆ.ಜಿ. ದಾಟುತ್ತದೆ.

ಈ ತೂಕವನ್ನು ಛಾವಣಿಗೆ ಏರಿಸುವುದು ನನಗೆ ಇಷ್ಟವಿಲ್ಲ. ಓರೆ ದಾರಿಯಲ್ಲಿ ಗಾಡಿ ಮಗುಚುವ ಅಪಾಯ ಹೆಚ್ಚುತ್ತದೆ, ತುಂಬಿದ ಕ್ಯಾನ್ ಇಳಿಸುವಾಗ ಬೆನ್ನು ಹಿಡಿಯುತ್ತದೆ. ಬೇರೆ ಜಾಗವೇ ಇಲ್ಲದಿದ್ದರೆ ಗಾಡಿಯ ಪುಸ್ತಕದಲ್ಲಿ ಛಾವಣಿ ಎಷ್ಟು ಹೊರುತ್ತದೆ ಅಂತ ನೋಡಿ, ಅದರಿಂದ ಕ್ಯಾರಿಯರಿನ ತೂಕ ಮತ್ತು ಟೆಂಟಿನ ತೂಕ ಕಳೆಯಿರಿ. ಉಳಿಯುವುದು ಬಹಳ ಕಡಿಮೆ. ಹಿಂಬದಿಯ ಗಟ್ಟಿ ಬಂಪರಿಗೆ ಕೂರಿಸಿದ ಸ್ಟ್ಯಾಂಡ್ ಇದಕ್ಕಿಂತ ವಾಸಿ, ಆದರೆ ಹಿಂದಿನಿಂದ ಯಾರಾದರೂ ಗುದ್ದಿದರೆ ಮೊದಲ ಪೆಟ್ಟು ಕ್ಯಾನಿಗೇ. ಪಿಕಪ್ ಗಾಡಿಯಾದರೆ ಹಿಂದಿನ ತೊಟ್ಟಿಯಲ್ಲಿ, ಕ್ಯಾಬಿನ್‌ಗೆ ಒತ್ತಿಕೊಂಡು, ಬಿಗಿಯಾಗಿ ಕಟ್ಟಿದರೆ ಅದು ಒಳ್ಳೆಯ ಜಾಗ. ಪದೇ ಪದೇ ಹೋಗುವವರು ಗಾಡಿಯ ಕೆಳಗೇ ಕೂರುವ ದೊಡ್ಡ ಟ್ಯಾಂಕ್ ಹಾಕಿಸಿಕೊಳ್ಳುವುದು ಸರಿ.

ಜನ ಕೂರುವ ಜಾಗದಲ್ಲಿ ಮಾತ್ರ ಯಾವ ಕಾರಣಕ್ಕೂ ಬೇಡ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಅದು ನೆಲಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಖಾಲಿ ಕ್ಯಾನಿನಲ್ಲೂ ಆವಿ ಇರುತ್ತದೆ, ಖಾಲಿಯಾಯಿತು ಅಂತ ಒಳಗೆ ಎಸೆಯಬೇಡಿ.

ಹಂತ 7: ಮನೆಯಲ್ಲೇ ಒಮ್ಮೆ ಪರೀಕ್ಷೆ, ಆಮೇಲೆ ತುಂಬಿಸುವುದು

ಕ್ಯಾನಿನ ಮುಚ್ಚಳದ ರಬ್ಬರ್ ವಾಷರ್ ಬಿರುಕು ಬಿಟ್ಟಿದೆಯಾ ನೋಡಿ. ಕ್ಯಾನಿನ ಮೂತಿ ನಿಮ್ಮ ಗಾಡಿಯ ಬಾಯಿಗೆ ಹೋಗುತ್ತದೆಯಾ ಅಂತ ಈಗಲೇ ಪರೀಕ್ಷಿಸಿ. ಹೊಸ ಗಾಡಿಗಳಲ್ಲಿ ಬಾಯಿಯೊಳಗೆ ಒಂದು ಸ್ಪ್ರಿಂಗ್ ಬಾಗಿಲು ಇರುತ್ತದೆ, ಸರಿಯಾದ ಅಳತೆಯ ಆಲಿಕೆ ಇಲ್ಲದೆ ಅದು ತೆರೆಯುವುದೇ ಇಲ್ಲ. ಕಾಡಿನಲ್ಲಿ ಕ್ಯಾನ್ ತುಂಬ ಇಂಧನ ಇಟ್ಟುಕೊಂಡು ಟ್ಯಾಂಕಿಗೆ ಹಾಕಲಾಗದೆ ನಿಲ್ಲುವವರು ಇದನ್ನು ಬಿಟ್ಟವರೇ.

ಬಂಕಿನಲ್ಲಿ ಕ್ಯಾನನ್ನು ಕೆಳಗಿಳಿಸಿ ನೆಲದ ಮೇಲಿಟ್ಟೇ ತುಂಬಿಸಿ. ನಳಿಕೆಯ ಲೋಹ ಕ್ಯಾನಿನ ಬಾಯಿಗೆ ತಾಗಿಕೊಂಡೇ ಇರಲಿ. ಪ್ಲಾಸ್ಟಿಕ್ ಹಾಸಿನ ಮೇಲಿಟ್ಟು ತುಂಬಿಸಿದರೆ ಸ್ಥಿರವಿದ್ಯುತ್ತು ಸೇರಿ ಕಿಡಿ ಹಾರಬಹುದು. ನಿಧಾನ ತುಂಬಿಸಿ, ಮೇಲೆ ಜಾಗ ಬಿಡಿ. 20 ಲೀಟರ್ ಪೆಟ್ರೋಲ್ 20 ಡಿಗ್ರಿ ಬಿಸಿಯಾದರೆ ಸುಮಾರು 0.4 ಲೀಟರ್ ಹಿಗ್ಗುತ್ತದೆ. ಅದಕ್ಕೇ 19ಕ್ಕೆ ನಿಲ್ಲಿಸುವುದು.

ಪ್ರತಿ ಕ್ಯಾನಿನ ಮೇಲೂ ಪೆಟ್ರೋಲ್ ಅಥವಾ ಡೀಸೆಲ್ ಅಂತ ದೊಡ್ಡದಾಗಿ ಬರೆಯಿರಿ. ಕ್ಯಾನಿನ ಬಣ್ಣವನ್ನು ನಂಬಬೇಡಿ. ಹೊಗೆ ಶುದ್ಧ ಮಾಡಲು ಯೂರಿಯಾ ದ್ರಾವಣ ಬೇಕಾಗುವ ಹೊಸ ಡೀಸೆಲ್ ಗಾಡಿಯಾದರೆ ಅದನ್ನೂ ಪೂರ್ತಿ ತುಂಬಿಸಿ, ಒಂದು ಡಬ್ಬ ಜೊತೆಗಿರಲಿ. ಅದು ಖಾಲಿಯಾದರೆ ಟ್ಯಾಂಕ್ ತುಂಬ ಡೀಸೆಲ್ ಇದ್ದರೂ ಆರಿಸಿದ ಎಂಜಿನ್ ಮತ್ತೆ ಶುರುವಾಗದ ಹಾಗೆ ಆ ಗಾಡಿಗಳನ್ನು ಮಾಡಿರುತ್ತಾರೆ. ಬಹಳ ಚಳಿಯ ಕಡೆಗೆ ಹೋಗುವವರು ಅಲ್ಲಿಗೆ ಹೊಂದುವ ಚಳಿಗಾಲದ ಡೀಸೆಲನ್ನೇ ತುಂಬಿಸಬೇಕು. ಸಾಮಾನ್ಯ ಡೀಸೆಲಿನಲ್ಲಿ ಮೇಣ ಕಟ್ಟಿ ಫಿಲ್ಟರ್ ಮುಚ್ಚಿಹೋಗುತ್ತದೆ.

ಪೂರ್ತಿ ತುಂಬಿಸಿ ಕಟ್ಟಿದ ಮೇಲೆ ಹತ್ತಿರದ ಕೆಟ್ಟ ದಾರಿಯಲ್ಲಿ ಅರ್ಧ ಗಂಟೆ ಓಡಿಸಿ ಬನ್ನಿ. ಸಡಿಲ ಬೆಲ್ಟು, ಜಿನುಗುವ ಮುಚ್ಚಳ, ಲೋಹಕ್ಕೆ ಲೋಹ ಉಜ್ಜುವ ಜಾಗ ಎಲ್ಲ ಅಷ್ಟರಲ್ಲಿ ಗೊತ್ತಾಗುತ್ತದೆ.

ಹಂತ 8: ದಾರಿಯಲ್ಲಿ ಅರ್ಧದ ಗೆರೆ ಹಾಕಿಕೊಳ್ಳಿ

ಹೊರಟ ಮೇಲೆ ಪ್ರತಿ ಸಂಜೆ ಮೂರು ಅಂಕಿ ಬರೆಯಿರಿ: ಇವತ್ತು ಎಷ್ಟು ಕಿ.ಮೀ., ಎಷ್ಟು ಲೀಟರ್ ಹೋಗಿರಬಹುದು, ಯೋಜನೆಯಲ್ಲಿ ಎಷ್ಟಿತ್ತು. ಇಂಧನದ ಮೀಟರಿನ ಮುಳ್ಳು ನೋಡುವಾಗ ಗಾಡಿ ಸಮತಟ್ಟಾಗಿರಲಿ.

ಈಗ ಗೆರೆ. ಉದಾಹರಣೆಯ ಗಾಡಿಯಲ್ಲಿ ಟ್ಯಾಂಕಿನ 72, ಕ್ಯಾನಿನ 57, ಒಟ್ಟು 129 ಲೀಟರ್. ರಿಸರ್ವ್ 22 ತೆಗೆದಿಟ್ಟರೆ 107. ಅದರ ಅರ್ಧ ಸುಮಾರು 53. ಅಷ್ಟು ಸುಡುವವರೆಗೆ ಬಂದ ದಾರಿಯಲ್ಲೇ ವಾಪಸ್ ಹೋಗಬಹುದು. ಆಮೇಲೆ ಮುಂದೆ ಹೋಗುವುದೊಂದೇ ದಾರಿ. ಆದ್ದರಿಂದ 53 ಲೀಟರ್ ಮುಗಿಯುವ ಮೊದಲು ನಿಲ್ಲಿಸಿ ಲೆಕ್ಕ ನೋಡಿ. ಯೋಜನೆಯ ಪ್ರಕಾರ ಆಗ 88ರ ಕೆಲಸದಲ್ಲಿ 35 ಲೀಟರಿನದ್ದು ಮಾತ್ರ ಬಾಕಿ ಇರಬೇಕು. 50 ಲೀಟರಿನದ್ದು ಬಾಕಿ ಇದೆ, ಮರಳು ಇನ್ನೂ ಶುರುವೇ ಆಗಿಲ್ಲ ಅಂದರೆ ಗಾಡಿ ತಿರುಗಿಸಿ. 'ಇನ್ನು ಸ್ವಲ್ಪ ನೋಡೋಣ' ಅನ್ನುವ ಮಾತು ಬರುವುದು ಸರಿಯಾಗಿ ಇದೇ ಜಾಗದಲ್ಲಿ.

ಇಳಿದು ಬಂದ ದಾರಿಯಲ್ಲಿ ವಾಪಸ್ ಹೋಗುವುದಾದರೆ ಅದು ಏರು. ಹಾಗಿದ್ದರೆ ಗೆರೆಯನ್ನು ಇನ್ನೂ ಮುಂಚೆ ಹಾಕಬೇಕು.

ಸಿಕ್ಕರೆ ಲಾಭದ ಬಂಕು ತೆರೆದಿದ್ದರೆ ಟ್ಯಾಂಕ್ ಮುಕ್ಕಾಲು ಇದ್ದರೂ ತುಂಬಿಸಿಕೊಳ್ಳಿ. ಆದರೆ ಡ್ರಮ್ಮಿನಿಂದ ಅಳೆದು ಕೊಡುವ ಕಡೆ ಜಾಲರಿ ಆಲಿಕೆ ಇಲ್ಲದೆ ಹಾಕಿಸಬೇಡಿ. ಮೊದಲು ಒಂದು ಗಾಜಿನ ಬಾಟಲಿಗೆ ಸ್ವಲ್ಪ ತೆಗೆದು ಹತ್ತು ನಿಮಿಷ ಇಟ್ಟು ನೋಡಿ. ನೀರಿದ್ದರೆ ತಳಕ್ಕೆ ಇಳಿದು ಬೇರೆಯಾಗಿ ಕಾಣುತ್ತದೆ.

ಹಂತ 9: ಕ್ಯಾನಿನಿಂದ ಟ್ಯಾಂಕಿಗೆ

ಕ್ಯಾನುಗಳನ್ನು ಕೊನೆಯವರೆಗೆ ಉಳಿಸಿಕೊಳ್ಳುವುದು ತುಂಬ ಜನರ ಅಭ್ಯಾಸ. ನಾನು ಉಲ್ಟಾ ಹೇಳುತ್ತೇನೆ. ಟ್ಯಾಂಕಿನಲ್ಲಿ ಒಂದು ಕ್ಯಾನಿನಷ್ಟು ಜಾಗ ಆದ ಕೂಡಲೇ ಮೇಲಿರುವ ಕ್ಯಾನ್ ಖಾಲಿ ಮಾಡಿ. ತೂಕ ಕೆಳಗಿಳಿಯುತ್ತದೆ, ಸೋರುವ ಭಯ ಹೋಗುತ್ತದೆ. ಕ್ಯಾನಿನ ಸಮಸ್ಯೆ ಏನಾದರೂ ಇದ್ದರೆ ವಾಪಸ್ ಹೋಗುವಷ್ಟು ಇಂಧನ ಇರುವಾಗಲೇ ತಿಳಿಯುತ್ತದೆ.

ಎಂಜಿನ್ ಆರಿಸಿ. ಒಲೆ, ಕ್ಯಾಂಪ್ ಬೆಂಕಿ, ಸಿಗರೇಟಿನಿಂದ ದೂರ, ಗಾಳಿ ಆಡುವ ಕಡೆ. ಕ್ಯಾನಿನ ಮುಚ್ಚಳವನ್ನು ನಿಧಾನ ತೆರೆಯಿರಿ, ಬಿಸಿಲಿಗೆ ಒಳಗೆ ಒತ್ತಡ ಕಟ್ಟಿರುತ್ತದೆ. ಕ್ಯಾನಿನ ತಳದ ಕೊನೆಯ ಅರ್ಧ ಲೀಟರನ್ನು ಹಾಕುವ ಮುಂಚೆ ಕಣ್ಣಾಡಿಸಿ, ಕಸ ಮತ್ತು ನೀರು ಸೇರುವುದು ಅಲ್ಲೇ. ಪೈಪಿಗೆ ಬಾಯಿಟ್ಟು ಎಳೆಯಬೇಡಿ. ಇಂಧನ ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ.

ಎಚ್ಚರಿಕೆಯ ಲಕ್ಷಣಗಳು

*ಗಾಡಿಯೊಳಗೆ ಇಂಧನದ ವಾಸನೆ.* ಕಿಟಕಿ ತೆರೆದು ಮುಂದೆ ಹೋಗುವುದಲ್ಲ. ನಿಲ್ಲಿಸಿ, ಎಲ್ಲರೂ ಇಳಿಯಿರಿ, ಪ್ರತಿ ಕ್ಯಾನನ್ನೂ ಮುಟ್ಟಿ ನೋಡಿ.

*ಏರಿನಲ್ಲಿ ಎಂಜಿನ್ ಮುಕ್ಕರಿಸುವುದು, ಸಮತಟ್ಟಿಗೆ ಬಂದಾಗ ಸರಿಯಾಗುವುದು.* ಟ್ಯಾಂಕಿನ ತಳಕ್ಕೆ ಬಂದಿದ್ದೀರಿ. ಈಗಲೇ ಕ್ಯಾನ್ ಹಾಕಿ.

*ಎಲ್ಲ ಕಡೆಯೂ ಮುಕ್ಕರಿಸುವುದು, ಶಕ್ತಿ ಇಳಿಯುತ್ತಾ ಹೋಗುವುದು.* ಇದು ಕೊಳಕು ಇಂಧನದ ಲಕ್ಷಣ ಆಗಿರಬಹುದು. ಡೀಸೆಲ್ ಗಾಡಿಯಲ್ಲಿ ಫಿಲ್ಟರಿನ ಕೆಳಗಿನ ತಿರುಪು ಸಡಿಲಿಸಿ ನೀರು ಬಿಡಿ, ಆಮೇಲೂ ಸರಿಹೋಗದಿದ್ದರೆ ಹೊಸ ಫಿಲ್ಟರ್ ಹಾಕಿ. ಇಂಧನದಲ್ಲಿ ನೀರಿದೆ ಅಂತ ತೋರಿಸುವ ದೀಪ ಹತ್ತಿದ್ದರೆ ಅದನ್ನು ಬಿಟ್ಟು ಓಡಿಸಬೇಡಿ, ಇಂಜೆಕ್ಟರ್ ಹಾಳಾಗುತ್ತದೆ.

*ಏರಿನಲ್ಲಿ ಪೆಟ್ರೋಲ್ ಎಂಜಿನ್ 'ಟಿಕ್ ಟಿಕ್' ಅಂತ ಬಡಿಯುವುದು.* ಕಡಿಮೆ ಆಕ್ಟೇನಿನ, ಅಂದರೆ ಒತ್ತಡಕ್ಕೆ ಬೇಗ ತಾನಾಗೇ ಹೊತ್ತಿಕೊಳ್ಳುವ ಇಂಧನ ಸಿಕ್ಕಿರಬಹುದು. ಗೇರ್ ಇಳಿಸಿ, ಆಕ್ಸಿಲರೇಟರ್ ಹಗುರ ಮಾಡಿ, ಒಳ್ಳೆಯ ಇಂಧನ ಸಿಕ್ಕಾಗ ಬೆರೆಸಿ.

*ತಪ್ಪು ಇಂಧನ ಬಿತ್ತು ಅನ್ನುವ ಅನುಮಾನ.* ಕೀ ತಿರುಗಿಸಲೇಬೇಡಿ. ಎಂಜಿನ್ ಓಡದೆ ಇದ್ದರೆ ಟ್ಯಾಂಕ್ ಖಾಲಿ ಮಾಡಿ ಸರಿಪಡಿಸಬಹುದು.

*ಡೀಸೆಲ್ ಪೂರ್ತಿ ಮುಗಿದು ನಿಂತಿತು.* ಕ್ಯಾನ್ ಸುರಿದು ಸುಮ್ನೆ ಸ್ಟಾರ್ಟರ್ ತಿರುಗಿಸುತ್ತಾ ಇದ್ದರೆ ಬ್ಯಾಟರಿ ಸಾಯುತ್ತದೆ. ಪೈಪಿನೊಳಗೆ ಗಾಳಿ ಸೇರಿದೆ. ಬಹಳ ಗಾಡಿಗಳಲ್ಲಿ ಫಿಲ್ಟರಿನ ಹತ್ತಿರ ಕೈಪಂಪು ಇರುತ್ತದೆ, ಅದು ಗಟ್ಟಿಯಾಗುವವರೆಗೆ ಒತ್ತಿ, ಆಮೇಲೆ ಶುರು ಮಾಡಿ. ನಿಮ್ಮ ಗಾಡಿಯಲ್ಲಿ ಅದು ಎಲ್ಲಿದೆ ಅಂತ ಹೊರಡುವ ಮೊದಲೇ ಬಾನೆಟ್ ತೆರೆದು ನೋಡಿಟ್ಟುಕೊಳ್ಳಿ.